ಕಸೂತಿ ರವಿಕೆಯ ಜೊತೆ ಒಂದು ಚೀಟಿಯನ್ನೂ ಕೊಡಿ

ಮಾನ್ಯ ಸಂಪಾದಕರೇ,

ಮದುವೆಯ ಕಾಲ ಬಂತೆಂದರೆ ಮೈಸೂರಿನ ಬಡಾವಣೆ ಬಡಾವಣೆಗಳ ಟೈಲರ್ ಅಂಗಡಿಗಳಲ್ಲಿ ಆರಿ ಕೆಲಸದ, ಅಂದರೆ ಕೊಕ್ಕೆಸೂಜಿಯ ಕಸೂತಿಯ, ರವಿಕೆಗಳು ಸಾಲುಸಾಲಾಗಿ ತೂಗುತ್ತವೆ. ದಿನಗಟ್ಟಲೆ ಚೌಕಟ್ಟಿಗೆ ಬಿಗಿದು ಒಂದೊಂದೇ ಮಣಿ ಪೋಣಿಸಿ ಮಾಡಿದ ಆ ಕೆಲಸ ಗಿರಾಕಿಯ ಕೈಸೇರುವುದು ಮಾತ್ರ ಪ್ಲಾಸ್ಟಿಕ್ ಚೀಲದೊಳಗೆ ನಾಲ್ಕು ಮಡಿಕೆಯಾಗಿ. ಮುಹೂರ್ತದ ಹಿಂದಿನ ಸಂಜೆ ಅದನ್ನು ಬಿಚ್ಚಿ, ಸುಕ್ಕು ಕಂಡು ಗಾಬರಿಬಿದ್ದು ಇಸ್ತ್ರಿ ಗಾಡಿಯ ಕಡೆ ಓಡುವುದು ಬಹಳ ಮನೆಗಳಲ್ಲಿ ನಡೆಯುವ ಸಂಗತಿ. ಆ ಸುಕ್ಕನ್ನು ಹೇಗೆ ತೆಗೆಯಬೇಕೆಂಬುದನ್ನು ಹೊಲಿದವರೇ ಬರೆದುಕೊಡಬೇಕೆಂದು ಕೇಳಿಕೊಳ್ಳಲು ಈ ಪತ್ರ.

ಕಳೆದ ವೈಶಾಖದಲ್ಲಿ ನನ್ನ ತಂಗಿಯ ಮಗಳ ರವಿಕೆ ಇಸ್ತ್ರಿಗೆ ಹೋಗಿ ಬಂದಾಗ ತೋಳಿನಂಚಿನ ಚಮ್ಕಿಗಳು ಕಾದ ಎಣ್ಣೆಗೆ ಬಿದ್ದ ಸಂಡಿಗೆಯಂತೆ ಮುರುಟಿದ್ದವು. ಬೆನ್ನ ಮೇಲಿನ ನವಿಲಿನ ಕತ್ತಿಗೆ ತುಂಬಿದ್ದ ಉಬ್ಬು ಹೊಲಿಗೆ ಚಪ್ಪಟೆಯಾಗಿ, ಎಣ್ಣೆ ಸವರಿದಂತಹ ಕೆಟ್ಟ ಹೊಳಪು ಬಂದಿತ್ತು. ಅಂಟು ಕರಗಿ ಮೂರು ಕುಂದನ್ ಕಲ್ಲುಗಳು ಕಿತ್ತುಬಂದಿದ್ದವು. ಇಸ್ತ್ರಿಯವರು ಬಹಳ ವರ್ಷಗಳಿಂದ ನಮ್ಮ ಬೀದಿಯ ಬಟ್ಟೆ ನೋಡಿಕೊಂಡವರು, ಕೆಂಡದ ಪೆಟ್ಟಿಗೆಯ ಕಾವನ್ನು ಅಂಗೈ ಹತ್ತಿರ ಹಿಡಿದೇ ಅಳೆಯಬಲ್ಲವರು. ಆದರೆ ರೇಷ್ಮೆ ಎಂದು ಕೊಟ್ಟ ಬಟ್ಟೆಯ ಮೇಲಿದ್ದ ದಾರ ರೇಷ್ಮೆಯದಲ್ಲವೆಂದು ಅವರಿಗೆ ಯಾರು ಹೇಳಿದ್ದರು? ನಮಗೇ ಗೊತ್ತಿರಲಿಲ್ಲ.

ತೊಂದರೆಯ ಬೇರು ಇರುವುದೇ ಇಲ್ಲಿ. ಸಿದ್ಧ ಉಡುಪಿನ ಒಳಪಟ್ಟಿಯಲ್ಲಿ ಇಸ್ತ್ರಿಯ ಚಿತ್ರದೊಳಗೆ ಒಂದು ಚುಕ್ಕೆಯಿದ್ದರೆ ಕಡಿಮೆ ಕಾವು, ಎರಡಿದ್ದರೆ ಮಧ್ಯಮ, ಮೂರಿದ್ದರೆ ಹೆಚ್ಚಿನ ಕಾವು ಎಂದು ಅರ್ಥ. ಟೈಲರ್ ಹೊಲಿದ ರವಿಕೆಗೆ ಆ ಪಟ್ಟಿಯೇ ಇರುವುದಿಲ್ಲ. ಹತ್ತಿ ತಡೆಯುವ ಕಾವನ್ನು ರೇಷ್ಮೆ ತಡೆಯದು, ರೇಷ್ಮೆ ತಡೆಯುವುದನ್ನು ಪ್ಲಾಸ್ಟಿಕ್ ಪೊರೆಯ ಅಗ್ಗದ ಜರಿ ತಡೆಯದು. ಅಂಗಡಿಗಳಲ್ಲಿ ‘ಸಿಲ್ಕ್ ಥ್ರೆಡ್’ ಎಂದು ಮಾರುವ ದಾರಗಳಲ್ಲಿ ಎಷ್ಟೋ ರೇಯಾನ್ ಅಥವಾ ಪಾಲಿಯೆಸ್ಟರ್‌ನವು. ರೇಯಾನ್ ಒದ್ದೆಯಾದಾಗ ಬಲಗುಂದುವುದರಿಂದ ಅದನ್ನು ನೀರು ಚಿಮುಕಿಸಿ ಎಳೆದಾಡುವಂತಿಲ್ಲ. ಒಂದೇ ರವಿಕೆಯಲ್ಲಿ ಇವೆಲ್ಲ ಒಟ್ಟಿಗಿದ್ದರೆ ಎಲ್ಲಕ್ಕಿಂತ ನಾಜೂಕಾದುದು ಯಾವುದೋ ಅದಕ್ಕೆ ತಕ್ಕ ಕಾವೇ ಇಡೀ ಬಟ್ಟೆಗೆ ಸಲ್ಲಬೇಕು.

ಹೊಲಿಗೆ ತರಗತಿಯಲ್ಲಿ ಕಸೂತಿ ಬಟ್ಟೆಯ ಇಸ್ತ್ರಿಗೆ ನಾನು ಹೇಳಿಕೊಡುತ್ತಿದ್ದ ಕ್ರಮ ಹೀಗಿದೆ. ಮೊದಲು ಕಸೂತಿಗಾಗಿ ಬಟ್ಟೆಯ ಮೇಲೆ ಎಳೆದ ಗುರುತಿನ ಗೆರೆಗಳು ಪೂರ್ತಿ ಹೋಗಿವೆಯೇ ಎಂದು ನೋಡಬೇಕು. ನೀರಿನಲ್ಲಿ ಅಳಿಯುವ ನೀಲಿ ಪೆನ್ನಿನ ಗೆರೆಯ ಮೇಲೆ ಕಾವು ಬಿದ್ದರೆ ಅದು ಆಮೇಲೆ ನೀರಿಗೂ ಬಗ್ಗದೆ ಅಲ್ಲೇ ನಿಲ್ಲಬಹುದು. ಕೆಂಪು, ಕಪ್ಪು ದಾರಗಳಿದ್ದರೆ ಒದ್ದೆ ಮಾಡಿದ ಬಿಳಿ ಬಟ್ಟೆಯ ತುಂಡನ್ನು ಹಿಂಬದಿಯ ಮೂಲೆಗೆ ಒತ್ತಿ ಬಣ್ಣ ಬಿಡುತ್ತದೆಯೇ ಎಂದು ಪರೀಕ್ಷಿಸಬೇಕು, ಬಿಟ್ಟರೆ ತೇವದ ಯೋಚನೆಯನ್ನೇ ಕೈಬಿಡಬೇಕು. ಆನಂತರ ಟರ್ಕಿ ಟವೆಲನ್ನು ನಾಲ್ಕು ಪದರ ಮಡಿಸಿ ಹಾಸಿ, ಕಸೂತಿಯ ಮುಖ ಕೆಳಗೆ ಬರುವಂತೆ ಮಲಗಿಸಿ, ಮೇಲೆ ಹಳೆಯ ಮಲ್ ಪಂಚೆಯ ತುಂಡನ್ನು ಹೊದಿಸಬೇಕು. ಗಂಟುಹೊಲಿಗೆ, ತುಂಬುಹೊಲಿಗೆಗಳು ಟವೆಲಿನ ಮೆತ್ತೆಯೊಳಗೆ ಇಳಿದುಕೊಳ್ಳುವುದರಿಂದ ಅವುಗಳ ಉಬ್ಬು ಉಳಿದು, ಸುತ್ತಲಿನ ಬಟ್ಟೆಯ ಸುಕ್ಕು ಮಾತ್ರ ಹೋಗುತ್ತದೆ. ಇಸ್ತ್ರಿಪೆಟ್ಟಿಗೆಯನ್ನು ಉಜ್ಜದೆ, ಇಟ್ಟು ಎತ್ತಿ, ಪಕ್ಕಕ್ಕೆ ಮತ್ತೆ ಇಟ್ಟು ಎತ್ತುತ್ತ ಸಾಗಬೇಕು. ಉಜ್ಜಿದರೆ ಸಡಿಲ ಎಳೆಗಳು ಪೆಟ್ಟಿಗೆಯ ಮೂತಿಗೆ ಸಿಕ್ಕಿ ಎದ್ದುಬರುತ್ತವೆ. ಅವಸರದವರಿಗೆ ಈ ಕೆಲಸ ಒಗ್ಗುವುದಿಲ್ಲ.

ಹಬೆಯ ಇಸ್ತ್ರಿ ಇದ್ದವರು ಬಟ್ಟೆಗೆ ತಾಗಿಸದೆ ಎರಡು ಬೆರಳು ಎತ್ತರದಲ್ಲಿ ಹಿಡಿದು ಹಬೆ ಕೊಡಬಹುದು. ಕೊಳವೆಬಾವಿಯ ಗಡುಸು ನೀರು ತುಂಬಿದರೆ ತೂತುಗಳಲ್ಲಿ ಕಟ್ಟಿದ ಸುಣ್ಣ ಉದುರಿ ರೇಷ್ಮೆಯ ಮೇಲೆ ಕಲೆಯಾಗುತ್ತದೆ, ಶುದ್ಧೀಕರಿಸಿದ ನೀರೇ ಆಗಬೇಕು. ಅಂಟಿಸಿದ ಕಲ್ಲುಗಳಿದ್ದಲ್ಲಿ ಹಬೆಯೂ ಬೇಡ. ಗೋಡೆಗೆ ತೂಗುಹಾಕುವ ಹತ್ತಿಬಟ್ಟೆಯ ಕಸೂತಿ ಚಿತ್ರಗಳಿಗಾದರೆ ಕಾವೇ ಬೇಕಿಲ್ಲ: ಬಣ್ಣ ಬಿಡದೆಂದು ಖಚಿತವಾದ ಮೇಲೆ ತುಸು ತೇವಮಾಡಿ, ತುಕ್ಕು ಹಿಡಿಯದ ಗುಂಡುಸೂಜಿಗಳಿಂದ ಹಲಗೆಗೆ ನೇರವಾಗಿ ಬಿಗಿದು ನೆರಳಿನಲ್ಲಿ ಒಣಗಿಸಿದರೆ ಸಾಕು. ಕಸೂತಿ ಹಾಕುವಾಗ ಬಟ್ಟೆ ಬಿಗಿಯುವ ರಿಂಗಿನ ದುಂಡು ಗುರುತಂತೂ, ಪ್ರತಿದಿನ ಕೆಲಸ ಮುಗಿದೊಡನೆ ಅದನ್ನು ಬಿಚ್ಚಿಟ್ಟರೆ ಅಷ್ಟಾಗಿ ಬೀಳುವುದೇ ಇಲ್ಲ.

1912ರಲ್ಲಿಯೇ ರೇಷ್ಮೆ ನೇಯ್ಗೆಯ ಕಾರ್ಖಾನೆ ಕಂಡ ಊರಿದು; ಸೀರೆಯನ್ನು ಮಡಿಕೆ ಬದಲಿಸಿ ಎತ್ತಿಡಬೇಕೆಂದು ಇಲ್ಲಿನ ಅಜ್ಜಿಯರಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ರವಿಕೆಯ ಮೇಲಿನ ಈ ಹೊಸ ಬಗೆಯ ದಾರ, ಕಲ್ಲು, ಚಮ್ಕಿಗಳ ವಿಷಯದಲ್ಲಿ ಮಾತ್ರ ಆ ತಿಳಿವಳಿಕೆ ಅಂಗಡಿಯಿಂದಲೇ ಬರಬೇಕಾಗಿದೆ. ಸಾವಿರಗಟ್ಟಲೆ ಕೂಲಿ ಪಡೆಯುವವರು ಬಟ್ಟೆ ಯಾವುದು, ದಾರ ಯಾವುದು, ಕಲ್ಲು ಹೊಲಿದದ್ದೋ ಅಂಟಿಸಿದ್ದೋ, ನೀರು ತಾಗಬಹುದೋ ಇಲ್ಲವೋ ಎಂದು ನಾಲ್ಕು ಸಾಲು ಬರೆದುಕೊಡುವುದು ಕಷ್ಟವಲ್ಲ. ಕಾಗದದ ಚೀಟಿ ಕಳೆದುಹೋಗುತ್ತದೆ ಎನ್ನುವುದಾದರೆ, ಬಟ್ಟೆಯ ಪಟ್ಟಿಯ ಮೇಲೆ ಬರೆದು ಒಳಗಿನ ಲೈನಿಂಗ್‌ಗೆ ಎರಡು ಹೊಲಿಗೆ ಹಾಕಿ ಕೊಡಲಿ, ಇಸ್ತ್ರಿಯವರ ಕಣ್ಣಿಗೂ ಬೀಳುತ್ತದೆ.

— ನಿವೃತ್ತ ಹೊಲಿಗೆ ಶಿಕ್ಷಕಿ, ಕುವೆಂಪುನಗರ, ಮೈಸೂರು