ಲ್ಯಾಟಿನ್ ಪೂಜೆಗೂ ಜಾಗ ಇರಲಿ, ಕನ್ನಡ ಪೂಜೆಗೆ ಮೌನ ಬರಲಿ

ಮಾನ್ಯ ಸಂಪಾದಕರೇ,

ಕ್ಯಾಥೋಲಿಕ್ ಚರ್ಚಿನ ಹಳೆಯ ಲ್ಯಾಟಿನ್ ಪೂಜೆ, ಅಂದರೆ ಲ್ಯಾಟಿನ್ ಭಾಷೆಯಲ್ಲಿ ಹಳೆಯ ಕ್ರಮದಂತೆ ಅರ್ಪಿಸುವ ಬಲಿಪೂಜೆ (ಮಾಸ್) ಕುರಿತು ನಿಮ್ಮ ಪತ್ರಿಕೆಯಲ್ಲಿ ಬಂದ ಬರಹ ಓದಿದೆ. ಆ ಪೂಜೆ ಬೇಕು ಅನ್ನುವವರೆಲ್ಲ ಹಟಮಾರಿಗಳು ಅನ್ನೋ ಧಾಟಿ ಅದರಲ್ಲಿತ್ತು. ನನಗೆ ಹಾಗನ್ನಿಸುವುದಿಲ್ಲ. ನಮ್ಮ ಬೆಳಗಾವಿಯ ಹುಡುಗರೇ ಈಗ ಯೂಟ್ಯೂಬಿನಲ್ಲಿ ಆ ಪೂಜೆ ನೋಡಿ, ನಮ್ಮಲ್ಲಿ ಯಾಕೆ ಹೀಗಿಲ್ಲ ಅಂತ ಕೇಳುತ್ತಾರೆ. ಅವರಿಗೆ ಲ್ಯಾಟಿನ್ ಒಂದಕ್ಷರ ಬರುವುದಿಲ್ಲ. ಅವರನ್ನು ಸೆಳೆದದ್ದು ಅಲ್ಲಿನ ಮೌನ, ಧೂಪ, ಮೊಣಕಾಲೂರಿ ಪರಮಪ್ರಸಾದ (ಪೂಜೆಯಲ್ಲಿ ಪವಿತ್ರಗೊಳಿಸಿದ ರೊಟ್ಟಿ) ಸ್ವೀಕರಿಸುವ ಭಕ್ತಿ.

ಟ್ರೆಂಟ್ ಮಹಾಸಭೆ (ಚರ್ಚಿನ ಬಿಷಪರು ಸೇರಿ ನಡೆಸಿದ ಸಭೆ) ಮುಗಿದ ಮೇಲೆ 1570ರಲ್ಲಿ ಐದನೇ ಪಯಸ್ ಪೋಪರು ಹೊರಡಿಸಿದ ಪೂಜಾಗ್ರಂಥವೇ ಸಣ್ಣಪುಟ್ಟ ಬದಲಾವಣೆಗಳೊಂದಿಗೆ ಸುಮಾರು 400 ವರ್ಷ ನಡೆಯಿತು. ಎರಡನೇ ವ್ಯಾಟಿಕನ್ ಮಹಾಸಭೆ 1963ರಲ್ಲಿ ಜನರ ಭಾಷೆಗೆ ಬಾಗಿಲು ತೆರೆಯಿತು. ಆದರೆ ಲ್ಯಾಟಿನ್ ಅನ್ನು ಬಿಟ್ಟುಬಿಡಿ ಅಂತ ಎಲ್ಲೂ ಹೇಳಲಿಲ್ಲ, ಉಳಿಸಿಕೊಳ್ಳಿ ಅಂತಲೇ ಬರೆಯಿತು. ಇದು ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. 1969ರಲ್ಲಿ ಆರನೇ ಪೌಲರು ಹೊಸ ಕ್ರಮ ತಂದರು. 2007ರಲ್ಲಿ ಹದಿನಾರನೇ ಬೆನೆಡಿಕ್ಟರು ಹಳೆಯದಕ್ಕೂ ಧಾರಾಳವಾಗಿ ಅವಕಾಶ ಕೊಟ್ಟರು, 2021ರಲ್ಲಿ ಫ್ರಾನ್ಸಿಸರು ಅದನ್ನು ಬಿಗಿ ಮಾಡಿದರು. ಹಳೆಯ ಪೂಜೆಯ ಹೆಸರಿನಲ್ಲಿ ಕೆಲವರು ಮಹಾಸಭೆಯನ್ನೇ ತಿರಸ್ಕರಿಸುತ್ತಿದ್ದಾರೆ ಅನ್ನೋದು ಅವರ ಆತಂಕವಾಗಿತ್ತು. ಅದು ಸುಳ್ಳಲ್ಲ. ಆದರೂ ಕೆಲವರ ತಪ್ಪಿಗೆ ಎಲ್ಲರಿಗೂ ಬಾಗಿಲು ಹಾಕಿದ್ದು ಜಾಸ್ತಿಯಾಯಿತು ಅನ್ನೋದು ನನ್ನ ಅಭಿಪ್ರಾಯ. ಪ್ಯಾರಿಷ್ (ಧರ್ಮಕೇಂದ್ರದ) ಚರ್ಚಿನೊಳಗೆ ಬೇಡ, ಹೊಸ ಗುಂಪು ಬೇಡ ಅಂದರೆ ಆ ಜನ ಎಲ್ಲಿಗೆ ಹೋಗಬೇಕು? ಈಗಿನ ಪೋಪ್ ಹದಿನಾಲ್ಕನೇ ಲಿಯೋ ಅವರು 2025ರ ಅಕ್ಟೋಬರಿನಲ್ಲಿ ಸಂತ ಪೇತ್ರರ ಬೆಸಿಲಿಕಾದಲ್ಲೇ ಹಳೆಯ ಕ್ರಮದ ಪೂಜೆಗೆ ಒಪ್ಪಿಗೆ ಕೊಟ್ಟರು, ಕಾರ್ಡಿನಲ್ ಬರ್ಕ್ ಅರ್ಪಿಸಿದರು. ನನಗೆ ಸಮಾಧಾನವಾಯಿತು.

ಹಾಗಂತ ಕನ್ನಡ ಪೂಜೆಯನ್ನು ಕೀಳು ಮಾಡುವವರ ಜೊತೆ ನಾನಿಲ್ಲ. ನಮ್ಮ ಅಜ್ಜಿ ತನ್ನ ಅರ್ಧ ಆಯುಷ್ಯ ಪೂಜೆಯುದ್ದಕ್ಕೂ ಜಪಮಾಲೆ ಮಾಡುತ್ತಾ ಕೂತವರು, ಪೂಜೆಯ ಪೀಠದ ಹತ್ತಿರ ಲ್ಯಾಟಿನ್ನಿನಲ್ಲಿ ಓದಿದ ಬೈಬಲಿನ ಶುಭಸಂದೇಶ ಅವರಿಗೆ ಅರ್ಥವಾಗುತ್ತಿರಲಿಲ್ಲ. ಕನ್ನಡ ಬಂದ ಮೇಲೆ ಅವರೇ ಮನೆಗೆ ಬಂದು ಆ ದಿನದ ವಾಚನ ನಮಗೆ ಕಥೆಯ ಹಾಗೆ ಹೇಳುತ್ತಿದ್ದರು. ಇದನ್ನು ಬಿಟ್ಟುಕೊಡಲು ನಾನಂತೂ ತಯಾರಿಲ್ಲ. ನಮ್ಮದೇ ಜಿಲ್ಲೆಯ ದೇಶನೂರಿನಲ್ಲಿ ಕಾವಿ ಉಟ್ಟ ಕ್ಯಾಥೋಲಿಕ್ ಗುರುಗಳು ಲಿಂಗಾಯತ ಮಠದ ರೀತಿಯಲ್ಲಿ ಬದುಕಿದ್ದಾರೆ, ಆ ಚರ್ಚಿಗೆ ವಿರಕ್ತ ಮಠ ಅಂತಲೇ ಹೆಸರು. ಸಂಪ್ರದಾಯದ ಹೆಸರಿನಲ್ಲಿ ಅದನ್ನು ಆನ್‌ಲೈನಿನಲ್ಲಿ ಬೈಯುವವರನ್ನು ನೋಡಿದರೆ ಬೇಜಾರಾಗುತ್ತದೆ. ಕೈಮುಗಿಯುವುದು, ಆರತಿ, ನೆಲದ ಮೇಲೆ ಕೂರುವುದು ಮುಂತಾದ 12 ಅಂಶಗಳಿಗೆ 1969ರಲ್ಲೇ ರೋಮ್ ಭಾರತದ ಚರ್ಚಿಗೆ ಒಪ್ಪಿಗೆ ಕೊಟ್ಟಿದೆ ಅಲ್ವಾ?

ನನ್ನ ನಿಜವಾದ ಅಳಲು ಬೇರೆ. ಆ ಹುಡುಗರು ಹುಡುಕುತ್ತಿರುವ ಮೌನ ನಮ್ಮ ಚರ್ಚುಗಳಲ್ಲಿ ಯಾಕಿಲ್ಲ? ಪ್ರಸಾದ ಬಾಯಲ್ಲಿ ಕರಗುವ ಮೊದಲೇ ಕೀಬೋರ್ಡಿನ ತಾಳ ಶುರುವಾಗುತ್ತದೆ. ಅದು ನಿಂತ ಕೂಡಲೇ ಮೈಕಿನಲ್ಲಿ ಪ್ರಕಟಣೆ, ದಾನಿಗಳ ಹೆಸರು, ಚಪ್ಪಾಳೆ. ಮದುವೆ ಪೂಜೆ ಇದ್ದರಂತೂ ಕೇಳೋದೇ ಬೇಡ: ಇತ್ತೀಚೆಗೆ ಒಂದು ಚರ್ಚಿನಲ್ಲಿ ಗುರುಗಳು ರೊಟ್ಟಿಯನ್ನು ಎತ್ತಿ ಹಿಡಿದ ಹೊತ್ತಿಗೆ ಫೋಟೋಗ್ರಾಫರ್ ಪೀಠದ ಮೆಟ್ಟಿಲೇರಿ, ಜನಕ್ಕೆ ಬೆನ್ನು ತೋರಿಸಿ, ಮದುಮಗಳಿಗೆ ಸ್ವಲ್ಪ ಈ ಕಡೆ ತಿರುಗಿ ಅನ್ನುತ್ತಿದ್ದ, ಯಾರೂ ಅವನನ್ನು ಕೆಳಗಿಳಿ ಅನ್ನಲಿಲ್ಲ.

ಇದನ್ನು ಸರಿಪಡಿಸಲು ಲ್ಯಾಟಿನ್ ಬೇಕಿಲ್ಲ, ರೋಮಿನ ಅನುಮತಿಯೂ ಬೇಕಿಲ್ಲ. ಈಗಿನ ಪೂಜಾಗ್ರಂಥದ ನಿಯಮದಲ್ಲೇ ಪ್ರಬೋಧನೆ (ಗುರುಗಳ ಉಪದೇಶ) ಆದ ಮೇಲೆ, ಪ್ರಸಾದ ಸ್ವೀಕರಿಸಿದ ಮೇಲೆ ಮೌನವಿರಲಿ ಅಂತಿದೆ. ಮೊಣಕಾಲೂರಿದವರಿಗೆ ಪ್ರಸಾದ ನಿರಾಕರಿಸಬಾರದು ಅಂತ 2004ರಲ್ಲೇ ರೋಮ್ ಹೇಳಿದೆ. ಆದರೂ ಮೊಣಕಾಲೂರಿದ ಹುಡುಗನನ್ನು ಏಳು ಅಂತ ಗದರಿದ್ದನ್ನು ನಾನು ಕಂಡಿದ್ದೇನೆ.

ಕೇರಳದಲ್ಲಿ ಕ್ಯಾಥೋಲಿಕ್ ಚರ್ಚಿನದೇ ಇನ್ನೊಂದು ಶಾಖೆಯಾದ ಸಿರೋ ಮಲಬಾರ್ ಚರ್ಚಿನವರು ಗುರುಗಳು ಜನರ ಕಡೆ ನಿಲ್ಲಬೇಕಾ, ಪೀಠದ ಕಡೆ ನಿಲ್ಲಬೇಕಾ ಅಂತ ಜಗಳವಾಡಿ, 2022ರ ಕ್ರಿಸ್‌ಮಸ್ ಹೊತ್ತಿಗೆ ಎರ್ನಾಕುಲಂ ಬೆಸಿಲಿಕಾದೊಳಗೇ ಕೈಕೈ ಮಿಲಾಯಿಸಿದರು. ಆ ಜಗಳ ನಮಗೆ ಬೇಡ.

ನಮ್ಮ ಧರ್ಮಪ್ರಾಂತ್ಯದ (ಬಿಷಪರ ಆಡಳಿತ ಪ್ರದೇಶದ) ಹಿರಿಯರಲ್ಲಿ ಕೇಳಿಕೊಳ್ಳುವುದಿಷ್ಟೇ. ಪ್ರಸಾದವಾದ ಮೇಲೆ ಐದು ನಿಮಿಷ ಹಾಡು, ಮೈಕು ಎರಡೂ ಬೇಡ. ಪ್ರಕಟಣೆಗಳನ್ನು ಹೊರಗೆ ಬೋರ್ಡಿಗೆ ಅಂಟಿಸಿ. ಪೀಠದ ಮೆಟ್ಟಿಲ ಮೇಲೆ ಕ್ಯಾಮೆರಾ ಹತ್ತಬಾರದು ಅಂತ ಎಲ್ಲ ಧರ್ಮಕೇಂದ್ರಗಳಿಗೂ ಒಂದು ಸುತ್ತೋಲೆ ಕಳಿಸಿ, ಅದೂ ಮುಂದಿನ ಮದುವೆ ಸೀಸನ್ ಶುರುವಾಗುವ ಮೊದಲೇ.

– ಒಬ್ಬ ಓದುಗ, ಕ್ಯಾಂಪ್, ಬೆಳಗಾವಿ