ಅರಿಶಿನದ ಕ್ಯಾಪ್ಸೂಲ್ ಯಾಕೆ ಬದಲಾಯಿತು, ಬೆಲೆ ಯಾಕೆ ಏರಿತು

ನಮಸ್ಕಾರ,

ನಮ್ಮ ಬೆಳೆಗಾರರ ಸಂಘದ ಅರಿಶಿನ ಕ್ಯಾಪ್ಸೂಲ್‌ನ ಹೊಸ ಬಾಟಲಿ ತೆರೆದವರಿಗೆ ಗೊತ್ತಾಗಿರುತ್ತದೆ. ಕ್ಯಾಪ್ಸೂಲ್ ಒಳಗೆ ಈಗ ಪುಡಿ ಇಲ್ಲ, ಎಣ್ಣೆ ಇದೆ, ಜೊತೆಗೆ ಕಾಳುಮೆಣಸಿನ ಸಾರ. ಬೆಲೆ ಸುಮಾರು ಕಾಲು ಭಾಗ ಜಾಸ್ತಿ. ನಿಮ್ಮ ಕೈಗೆ ಹೊರೆಯಾಗಿದೆ, ಅದಕ್ಕೆ ಕ್ಷಮಿಸಿ. ಬದಲಾವಣೆಗೆ ಮಾತ್ರ ಕ್ಷಮೆ ಕೇಳುವುದಿಲ್ಲ, ಅದು ನಮಗೆ ಹೆಮ್ಮೆಯ ಕೆಲಸ.

ಫೋನಿನಲ್ಲಿ, ವಾಟ್ಸಾಪ್‌ನಲ್ಲಿ ಎಲ್ಲರ ದೂರೂ ಒಂದೇ. "ಮೊದಲು 500 ಮಿ.ಗ್ರಾಂ ಕರ್ಕ್ಯುಮಿನ್ ಅಂತಿತ್ತು, ಈಗ 300. ಮಾಲು ಕಮ್ಮಿ ಮಾಡಿ ದುಡ್ಡು ಜಾಸ್ತಿ ತಗೋತೀರಲ್ಲ?" ಕರ್ಕ್ಯುಮಿನ್ ಅಂದರೆ ಅರಿಶಿನಕ್ಕೆ ಹಳದಿ ಬಣ್ಣ ಕೊಡುವ ಅಂಶ. ಲೆಕ್ಕ ಸರಿಯೇ. ಆದರೆ ಅದು ಬಾಯಿಗೆ ಹಾಕಿಕೊಳ್ಳುವ ಲೆಕ್ಕ. ರಕ್ತಕ್ಕೆ ಎಷ್ಟು ಸೇರುತ್ತದೆ ಅಂತ ಲೇಬಲ್ ಹೇಳುವುದಿಲ್ಲ.

ಮನೆಯಲ್ಲೇ ನೋಡಿ. ಒಂದು ಲೋಟ ನೀರಿಗೆ ಚಿಟಿಕೆ ಅರಿಶಿನ ಹಾಕಿ ಕದಡಿ ಬಿಡಿ. ಸ್ವಲ್ಪ ಹೊತ್ತಿಗೆ ಪುಡಿ ತಳ ಸೇರುತ್ತದೆ. ಅದೇ ಚಿಟಿಕೆಯನ್ನು ಬಿಸಿ ಎಣ್ಣೆಗೆ ಹಾಕಿದರೆ ಎಣ್ಣೆಯೇ ಹಳದಿಯಾಗುತ್ತದೆ. ಕರ್ಕ್ಯುಮಿನ್ ನೀರಿನಲ್ಲಿ ಕರಗಲ್ಲ, ಎಣ್ಣೆ ಬೇಕು. ಹೇಗೋ ಒಳಗೆ ಹೋದ ಅಷ್ಟಿಷ್ಟನ್ನೂ ಕರುಳಿನ ಗೋಡೆ ಮತ್ತು ಲಿವರ್ ಬೇಗನೆ ರೂಪ ಬದಲಿಸಿ ಹೊರಗೆ ಕಳಿಸಿಬಿಡುತ್ತವೆ. ಮೆಣಸಿನಲ್ಲಿರುವ ಪೈಪರಿನ್ ಆ ಕೆಲಸವನ್ನು ನಿಧಾನ ಮಾಡುತ್ತದೆ. ಇದನ್ನು 1998ರಲ್ಲಿ ಪ್ರಕಟಿಸಿದವರು ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನವರೇ. 2 ಗ್ರಾಂ ಕರ್ಕ್ಯುಮಿನ್ ಒಂದನ್ನೇ ನುಂಗಿದವರ ರಕ್ತದಲ್ಲಿ ಅದು ಇಲ್ಲವೆನ್ನುವಷ್ಟು ಕಮ್ಮಿ. ಜೊತೆಗೆ 20 ಮಿ.ಗ್ರಾಂ ಪೈಪರಿನ್ ಕೊಟ್ಟಾಗ ಸುಮಾರು 20 ಪಟ್ಟು. ಹಾಗಂತ "20 ಪಟ್ಟು ಶಕ್ತಿ" ಅಂತ ನಾವು ಬಾಟಲಿ ಮೇಲೆ ಹಾಕಿಸಿಲ್ಲ. ಅದು ಕೆಲವೇ ಜನರ ಮೇಲೆ ನಡೆದ ಪ್ರಯೋಗ, ನಮ್ಮ ಕ್ಯಾಪ್ಸೂಲ್ ಮೇಲಲ್ಲ. ಇಲ್ಲವೆನ್ನುವಷ್ಟಿದ್ದದ್ದು 20 ಪಟ್ಟಾದರೂ ಬೆಟ್ಟ ಆಗಲ್ಲ, ಅಲ್ವಾ?

ಇನ್ನು ಖರ್ಚು. "ಅರಿಶಿನ ನಿಮ್ಮದೇ ಹೊಲದ್ದು, ನಿಮಗೇನು ಖರ್ಚು?" ಅನ್ನುತ್ತಾರೆ. ಹೊಲ ನಮ್ಮ ಸದಸ್ಯರದು, ಚಾಮರಾಜನಗರದ ಕಡೆಯದು. ಅವರಿಗೆ ಮಂಡಿ ರೇಟು ಕೊಡಲೇಬೇಕು. 2023ರಲ್ಲಿ ಅರಿಶಿನದ ರೇಟು ಏರಿದಾಗ ನಾವು ಬೆಲೆ ಮುಟ್ಟಿರಲಿಲ್ಲ. ಅದು ಯಾರಿಗೂ ನೆನಪಿಲ್ಲ! ಎಣ್ಣೆ ತುಂಬಲು ಅಗ್ಗದ ದಾರಿ ಜೆಲಟಿನ್ ಕ್ಯಾಪ್ಸೂಲ್. ಜೆಲಟಿನ್ ಬರುವುದು ಪ್ರಾಣಿಗಳ ಚರ್ಮ, ಮೂಳೆಯಿಂದ. ನಿಮ್ಮಲ್ಲಿ ಬಹಳ ಜನ ಅದನ್ನು ಮುಟ್ಟುವುದಿಲ್ಲ ಅಂತ ಗೊತ್ತಿದ್ದೇ ಗಿಡದ ನಾರಿನಿಂದ ಮಾಡಿದ ಎರಡು ಹೋಳಿನ ಕ್ಯಾಪ್ಸೂಲ್ ತರಿಸಿದೆವು, ಅದರಲ್ಲಿ ಎಣ್ಣೆ ಸೋರದಿರಲು ಒಂದೊಂದರ ಸೊಂಟಕ್ಕೂ ತೆಳ್ಳಗೆ ಪಟ್ಟಿ ಹಾಕಿ ಮುಚ್ಚಬೇಕು. ಬೆರಳಿನಿಂದ ಸವರಿ, ಸಣ್ಣ ಉಬ್ಬು ಸಿಗುತ್ತದೆ. ಏರಿದ ಬೆಲೆಯ ದೊಡ್ಡ ಪಾಲು ಹೋಗುವುದು ಅಲ್ಲಿಗೇ. ಕರ್ಕ್ಯುಮಿನ್ ಬೆಳಕಿಗೆ ಕೆಡುತ್ತದೆ, ಅದಕ್ಕೆ ಕಂದು ಗಾಜು. ಕೊರಿಯರ್‌ನಲ್ಲಿ ಒಡೆದರೆ ನಷ್ಟ ನಮ್ಮದೇ.

"ಮುಪ್ಪು ದೂರ" ಅನ್ನುವ ಸಾಲನ್ನು ಲೇಬಲ್‌ನಿಂದ ಬೇಕಂತಲೇ ತೆಗೆದಿದ್ದೇವೆ. ಮೈಗೆ ಜಾಸ್ತಿ ಹಿಡಿಯುತ್ತದೆ ಅನ್ನಬಹುದು. ವಯಸ್ಸು ನಿಲ್ಲುತ್ತದೆ ಅಂತ ಸುಮ್ನೆ ಹೇಳಲಾಗದು.

ದಯವಿಟ್ಟು ಇದನ್ನು ಓದಿ. ಪೈಪರಿನ್ ಕೆಲವು ಔಷಧಿಗಳ ಪ್ರಮಾಣವನ್ನೂ ರಕ್ತದಲ್ಲಿ ಏರಿಸುತ್ತದೆ. ಫಿಟ್ಸ್‌ಗೆ ಕೊಡುವ ಫೆನಿಟಾಯಿನ್, ಬಿಪಿಗೆ ಕೊಡುವ ಪ್ರೊಪ್ರನೊಲಾಲ್ ಅಂಥವು. ಇವನ್ನು ತಗೊಳ್ಳುವವರು, ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು, ಪಿತ್ತಕೋಶದಲ್ಲಿ ಕಲ್ಲು ಅಥವಾ ಲಿವರ್ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ಶುರು ಮಾಡಬೇಡಿ. ಇಟಲಿಯಲ್ಲಿ ಅರಿಶಿನದ ಸಪ್ಲಿಮೆಂಟ್ ತಗೊಂಡ ಕೆಲವರಿಗೆ ಲಿವರ್ ತೊಂದರೆ ಕಾಣಿಸಿಕೊಂಡು, 2022ರಲ್ಲಿ ಅಲ್ಲಿನ ಆರೋಗ್ಯ ಇಲಾಖೆ ಲೇಬಲ್ ಮೇಲೆ ಎಚ್ಚರಿಕೆ ಕಡ್ಡಾಯ ಮಾಡಿತು. ನಾವೂ ಕೆಂಪಕ್ಷರದಲ್ಲಿ ಹಾಕಿದ್ದೇವೆ. ಊರಲ್ಲಿರುವ ಅಪ್ಪ ಅಮ್ಮನಿಗೆ ಕಳಿಸುತ್ತಿರುವವರು ಅದನ್ನು ಅವರಿಗೆ ಓದಿ ಹೇಳಿ.

ಹಳೆಯ ಪುಡಿ ಕ್ಯಾಪ್ಸೂಲೇ ಬೇಕು ಅನ್ನುವವರಿಗೆ ಸ್ಟಾಕ್ ಇರುವವರೆಗೆ ಹಳೆಯ ಬೆಲೆಗೇ ಕೊಡುತ್ತೇವೆ. ತುಪ್ಪವೋ ಎಣ್ಣೆಯೋ ಇರುವ ಊಟದ ಜೊತೆ ತಗೊಳ್ಳಿ. ಖಾಲಿ ಹೊಟ್ಟೆಗೆ ಬರೀ ನೀರು ಕುಡಿದು ನುಂಗಿದರೆ ದುಡ್ಡು ದಂಡ.

ನಿಮ್ಮ,
ಬೆಳೆಗಾರರ ಸಂಘದ ಪರವಾಗಿ