ಅಲೆ ಕಳಿಸುತ್ತಿಲ್ಲ, ಮಳೆ ಕಳಿಸುತ್ತಿದ್ದೇನೆ

ಪ್ರೀತಿಯ ಗೆಳೆಯಾ,

ಹೊಸ ಮನೆಯ ಫೋಟೋಗಳು ಬಂದವು. ಹಾಲ್ ಚೆನ್ನಾಗಿದೆ. ಸೋಫಾ ಹಿಂದಿನ ಗೋಡೆ ಬೋಳು ಬೋಳಾಗಿ ಕಾಣುತ್ತದೆ ಅಂದೆಯಲ್ಲ, ಅದೂ ನಿಜ. ಆದರೆ "ಹೇಗೂ ಟೋಕಿಯೋದಲ್ಲಿ ಇದ್ದೀಯ, ಆ ದೊಡ್ಡ ಅಲೆಯ ಚಿತ್ರ ಐದಡಿ ಅಗಲದ್ದು ಒಂದು ಕಳಿಸಿಬಿಡು" ಅಂತ ಬರೆದಿದ್ದೀಯಲ್ಲ, ಅದೊಂದು ಮಾತ್ರ ಆಗುವುದಿಲ್ಲ ಮಾರಾಯ.

ಆ ತಪ್ಪನ್ನು ನಾನೇ ಒಮ್ಮೆ ಮಾಡಿ ಮುಗಿಸಿದ್ದೇನೆ. ಬೆಂಗಳೂರಿನ ಬಾಡಿಗೆ ಮನೆಯಲ್ಲಿದ್ದಾಗ ಅದೇ ಅಲೆಯನ್ನು ಕ್ಯಾನ್ವಾಸ್ ಮೇಲೆ ನಾಲ್ಕಡಿಗೆ ಪ್ರಿಂಟ್ ಹಾಕಿಸಿದ್ದೆ. ಗೆರೆಗಳು ಹಗ್ಗದಷ್ಟು ದಪ್ಪವಾಗಿದ್ದವು. ನೀಲಿ ಬಣ್ಣ ನೇರಳೆಗೆ ತಿರುಗಿತ್ತು. ಮೊದಲ ವಾರ ಬಂದವರೆಲ್ಲ ಆಹಾ ಅಂದರು. ತಿಂಗಳು ಕಳೆಯುವಷ್ಟರಲ್ಲಿ ನಾನೇ ಅದರ ಕಡೆ ನೋಡುವುದು ಬಿಟ್ಟಿದ್ದೆ. ಮನೆ ಖಾಲಿ ಮಾಡುವಾಗ ಅದನ್ನು ಫ್ರಿಜ್‌ಗೆ ಗೀರು ಬೀಳದ ಹಾಗೆ ಲಾರಿಯಲ್ಲಿ ಅಡ್ಡ ಇಟ್ಟಿದ್ದೆವು, ನೆನಪಿದೆಯಾ?

ಇಲ್ಲಿ ಬಂದು ಆ ಅಲೆಯನ್ನು ಚಿತ್ರಕಾರನ ಕಾಲದಲ್ಲೇ ಮರದ ಅಚ್ಚಿನಿಂದ ಮುದ್ರಿಸಿದ ಹಾಳೆಯನ್ನೇ ಮ್ಯೂಸಿಯಂನಲ್ಲಿ ನೋಡಿದಾಗ ಮೊದಲು ಅನ್ನಿಸಿದ್ದು, ಇಷ್ಟೇನಾ? ಸುಮಾರು 10 ಇಂಚು ಎತ್ತರ, 15 ಇಂಚು ಅಗಲ. ಇಸ್ಕೂಲಿನ ಡ್ರಾಯಿಂಗ್ ಹಾಳೆಯಷ್ಟು. ಹತ್ತಿರ ಹೋಗಿ ಬಗ್ಗಿ ನೋಡಿದರೆ ಅಲೆಯ ಕೆಳಗೆ ಮೂರು ದೋಣಿ. ದೋಣಿಯಲ್ಲಿ ತಲೆ ಬಗ್ಗಿಸಿ ಕೂತ ಮನುಷ್ಯರು. ನಾಲ್ಕಡಿಯ ಚಿತ್ರದ ಕೆಳಗೆ ಎರಡು ವರ್ಷ ಕೂತು ಕಾಫಿ ಕುಡಿದರೂ ಅವರು ನನ್ನ ಕಣ್ಣಿಗೆ ಬಿದ್ದಿರಲಿಲ್ಲ! ಜಪಾನಿನ ಚಿತ್ರಕಾರ ಹೊಕುಸಾಯ್ ಇದನ್ನು ಮಾಡಿದ್ದು 1831ರ ಸುಮಾರಿಗೆ, ತನ್ನ ಎಪ್ಪತ್ತರ ಆಸುಪಾಸಿನಲ್ಲಿ. ಜನ ಕೈಯಲ್ಲಿ ಹಿಡಿದು, ಮೂಗಿನ ಹತ್ತಿರ ತಂದು ನೋಡಲಿ ಅಂತ. ಐದಡಿಗೆ ಹಿಗ್ಗಿಸಿದರೆ ಹತ್ತಿರ ಹೋಗುವ ಆಸೆಯೇ ಹೊರಟುಹೋಗುತ್ತದೆ.

"ನಕಲು ಅಂತ ಯಾರಾದರೂ ನಗುತ್ತಾರಾ" ಅಂತಲೂ ಕೇಳಿದ್ದೀಯ. ಯಾರಾದರೂ ನಕ್ಕರೆ ಈ ಕತೆ ಹೇಳು. ಕಲಾವಿದ ತೆಳ್ಳನೆ ಕಾಗದದ ಮೇಲೆ ಗೆರೆಯಲ್ಲಿ ಚಿತ್ರ ಬರೆಯುತ್ತಿದ್ದ. ಆ ಕಾಗದವನ್ನು ಚೆರ್ರಿ ಮರದ ಹಲಗೆಗೆ ಮುಖ ಕೆಳಗೆ ಮಾಡಿ ಅಂಟಿಸುತ್ತಿದ್ದರು. ಕೆತ್ತುವವನು ಗೆರೆಯನ್ನು ಉಳಿಸಿ, ಮಿಕ್ಕ ಮರವನ್ನು ಕಾಗದದ ಸಮೇತ ಕೆತ್ತಿ ತೆಗೆಯುತ್ತಿದ್ದ. ಅಂದರೆ ಅಸಲಿ ಚಿತ್ರ ಉಳಿಯುತ್ತಲೇ ಇರಲಿಲ್ಲ! ಆಮೇಲೆ ಒಂದೊಂದು ಬಣ್ಣಕ್ಕೆ ಬೇರೆ ಅಚ್ಚು. ಮುದ್ರಿಸುವವನು ಒದ್ದೆ ಅಚ್ಚಿನ ಮೇಲೆ ಹಾಳೆ ಹಾಸಿ, ಬಿದಿರಿನ ಹಾಳೆ ಸುತ್ತಿದ ಬಿಲ್ಲೆಯಿಂದ ಹಿಂಬದಿ ಉಜ್ಜುತ್ತಿದ್ದ. ಇಷ್ಟೆಲ್ಲ ಆಗಿ ಬಂದ ಹಾಳೆ ಬೀದಿಯ ಅಂಗಡಿಯಲ್ಲಿ ಹೆಚ್ಚುಕಡಿಮೆ ಒಂದು ಬಟ್ಟಲು ನೂಡಲ್ಸ್‌ನ ಬೆಲೆಗೆ ಸಿಗುತ್ತಿತ್ತಂತೆ. ನಮ್ಮಜ್ಜಿಯ ದೇವರ ಕೋಣೆಯಲ್ಲಿದ್ದ ರವಿವರ್ಮನ ಲಕ್ಷ್ಮಿಯೂ ಛಾಪಿಸಿದ್ದೇ ಅಲ್ವಾ? ಕೈ ಮುಗಿಯುವಾಗ ಅಜ್ಜಿ ಅಸಲಿಯೋ ನಕಲೋ ಅಂತ ಕೇಳಲಿಲ್ಲ.

ಇಲ್ಲಿ ಈಗಲೂ ಹಳೆಯ ಚಿತ್ರಗಳನ್ನು ನೋಡಿ ಹೊಸದಾಗಿ ಮರ ಕೆತ್ತಿ, ಕೈಯಲ್ಲೇ ಮುದ್ರಿಸುವವರಿದ್ದಾರೆ. ಅದು ಕೊಂಚ ದುಬಾರಿ. ಕಂಪ್ಯೂಟರ್ ಪ್ರಿಂಟ್ ಅಗ್ಗ, ಒಳ್ಳೆಯ ಕಾಗದದ ಮೇಲೆ ಅದೂ ತಪ್ಪಲ್ಲ. ವ್ಯತ್ಯಾಸ ಗೊತ್ತಾಗುವುದು ಚಿತ್ರದ ಆಕಾಶದಲ್ಲಿ. ಮೇಲೆ ಗಾಢ ನೀಲಿ, ಕೆಳಗೆ ಬರುತ್ತ ಬರುತ್ತ ಏನೂ ಇಲ್ಲ. ಅದಕ್ಕೆ 'ಬೊಕಾಶಿ' ಅಂತಾರೆ. ಮುದ್ರಿಸುವವನು ಒಂದೊಂದು ಹಾಳೆಗೂ ಅಚ್ಚಿನ ಮೇಲೆ ಬಣ್ಣವನ್ನು ಹೊಸದಾಗಿ ತೀಡಿ ತೆಳುವಾಗಿಸಬೇಕು. ಆ ನೀಲಿಯೂ ಪರದೇಶದ್ದು. ಬರ್ಲಿನ್‌ನಲ್ಲಿ ಹುಟ್ಟಿ ಜಪಾನಿಗೆ ಬಂದು 'ಬೆರೋ' ಅನ್ನಿಸಿಕೊಂಡಿತು.

ಅತ್ತಿಗೆ ಗೋಡೆಗೆ ಹಳದಿ ಹೊಡೆಸಿದ್ದಾರೆ, ನೀಲಿ ಚಿತ್ರ ಒಪ್ಪುತ್ತಾ ಅಂತ ಚಿಂತೆ ಬೇಡ. ಫ್ರಾನ್ಸಿನ ಜಿವರ್ನಿಯಲ್ಲಿ ಚಿತ್ರಕಾರ ಕ್ಲೋದ್ ಮೊನೆಯ ಮನೆಯಲ್ಲಿ ಊಟದ ಕೋಣೆ ಪೂರ್ತಿ ಹಳದಿ. ಗೋಡೆ ತುಂಬ ಜಪಾನಿನ ಈ ಚಿತ್ರಗಳೇ. ಅವನ ಹತ್ತಿರ ಇಂಥವು 200ಕ್ಕೂ ಜಾಸ್ತಿ ಇದ್ದವು. ಅವನ ಹಾಗೆ ಸಾಲು ಸಾಲಾಗಿ ತೂಗುಹಾಕು ಅಂತಲ್ಲ. ನನಗೆ ಹಿಡಿಸಿದ್ದು ಇಲ್ಲಿನ ಹಳೆ ಮನೆಗಳ ಪದ್ಧತಿ. ಕೋಣೆಯ ಒಂದು ಮೂಲೆಯಲ್ಲಿ 'ತೊಕೊನೊಮಾ' ಅಂತ ಗೂಡಿನಂಥ ಜಾಗ ಇರುತ್ತದೆ. ಅಲ್ಲಿ ಒಂದೇ ಒಂದು ಸುರುಳಿ ಚಿತ್ರ, ಋತು ಬದಲಾದಾಗ ಅದೂ ಬದಲು. ನೀನೂ ಹಾಗೆ ಮಾಡು. ಸೋಫಾ ಹಿಂದಿನ ಗೋಡೆ ಬಿಡು, ಬೋಳಾಗಿಯೇ ಇರಲಿ. ಊಟದ ಕೋಣೆಗೆ ಹೋಗುವ ದಾರಿಯಲ್ಲಿ, ನಿಂತವರ ಕಣ್ಣಿನ ಎತ್ತರಕ್ಕೆ ಒಂದು ಮೊಳೆ ಹೊಡೆ. ಹಿಂಬದಿ ಸುಲಭವಾಗಿ ಬಿಚ್ಚಲು ಬರುವ ಒಂದು ಫ್ರೇಮ್, ಮೂರು ಚಿತ್ರ. ಸಾಕು.

ಮೂರೂ ಪಾರ್ಸೆಲ್‌ನಲ್ಲಿವೆ. ಮೂರೂ ಹೊಕುಸಾಯ್ ಕಾಲದ ಇನ್ನೊಬ್ಬ ಚಿತ್ರಕಾರ ಹಿರೋಶಿಗೆಯವು, ಹಳೆಯ ಅಳತೆಯಲ್ಲೇ. ಒಂದು 1857ರದು: ಸೇತುವೆ ಮೇಲೆ ಇದ್ದಕ್ಕಿದ್ದಂತೆ ಹೊಡೆದ ಮಳೆ. ಮಳೆಯ ಗೆರೆಗಳು ಎರಡು ಓರೆಯಲ್ಲಿ ಒಂದನ್ನೊಂದು ದಾಟುತ್ತವೆ. ಅಷ್ಟು ಸಪೂರ ಗೆರೆಯನ್ನು ಮರದಲ್ಲಿ ಉಳಿಸಿದ ಕೈ ಎಂಥದಿರಬೇಕು! ವ್ಯಾನ್ ಗೋ ಇದನ್ನು 1887ರಲ್ಲಿ ಎಣ್ಣೆಬಣ್ಣದಲ್ಲಿ ನಕಲು ಮಾಡಿದ್ದ. ಎರಡನೆಯದು ಕಾನ್‌ಬಾರಾ ಊರಿನ ರಾತ್ರಿಯ ಹಿಮ. ಆ ಊರು ಬೆಚ್ಚಗಿನ ಕರಾವಳಿಯಲ್ಲಿದೆ, ಹಿಮ ಬೀಳುವುದೇ ಅಪರೂಪ. ಚಿತ್ರಕ್ಕೆ ಬೇಕು ಅನ್ನಿಸಿತು, ಸುರಿಸಿಬಿಟ್ಟ! ಬೇಸಿಗೆಯಲ್ಲಿ ಹಾಕು.

ಮೂರನೆಯದು ಕೈಯಲ್ಲಿ ಮುದ್ರಿಸಿದ್ದು. ಗೃಹಪ್ರವೇಶಕ್ಕೆ ಬರಲಾಗಲಿಲ್ಲ, ಇದನ್ನೇ ನನ್ನ ಮುಯ್ಯಿ ಅಂದುಕೋ. ಶೋನೋ ಎಂಬ ಊರಿನ ಏರುದಾರಿ. ಎದೋದಿಂದ, ಅಂದರೆ ಈಗಿನ ಟೋಕಿಯೋದಿಂದ, ಕ್ಯೋಟೋಗೆ ಹೋಗುವ ತೊಕಾಯ್ಡೋ ಹೆದ್ದಾರಿಯ 53 ತಂಗುದಾಣಗಳಲ್ಲಿ ಒಂದು. ಹಿಂದೆ ಬಿದಿರು ಮೆಳೆ ಗಾಳಿಗೆ ಬಾಗಿದೆ. ಪಲ್ಲಕ್ಕಿ ಹೊತ್ತವರು ಮೇಲೆ ಓಡುತ್ತಿದ್ದಾರೆ, ಒಬ್ಬ ಹುಲ್ಲಿನ ಹೊದಿಕೆ ಹೊದ್ದು ಕೆಳಗೆ ಓಡುತ್ತಿದ್ದಾನೆ. ನಮ್ಮ ಆಗುಂಬೆ ಕಡೆಯ ಮಳೆಯೇ, ಕಂಬಳಿಕೊಪ್ಪೆ ಒಂದು ಇಲ್ಲ. ಆರ್ದ್ರಾ ಮಳೆ ಹಿಡಿದ ದಿನ ಇದನ್ನು ತೂಗುಹಾಕು.

ಕಟ್ಟು ಹಾಕಿಸುವಾಗ ಅಂಗಡಿಯಲ್ಲಿ ನೀನೇ ನಿಂತಿರು. ಅಂಚು ಕತ್ತರಿಸಲು ಬಿಡಬೇಡ. ಅಂಚಿನಲ್ಲಿ ಪ್ರಕಾಶಕರ ಮುದ್ರೆ ಇರಬಹುದು. ಚಿತ್ರ ಗಾಜಿಗೆ ತಾಗಬಾರದು, ನಡುವೆ ಮೌಂಟ್ ಹಾಕಿಸು. ಇಲ್ಲದಿದ್ದರೆ ಮಳೆಗಾಲದ ಥಂಡಿಗೆ ಬೂಷ್ಟು ಗ್ಯಾರಂಟಿ. ಪಡುವಣ ಬಿಸಿಲು ಬೀಳುವ ಗೋಡೆ ಬೇಡ.

ಪಾರ್ಸೆಲ್ ಬಿಚ್ಚುವಾಗ ಬ್ಲೇಡ್ ಹಾಕಬೇಡ. ಶೋನೋ ಚಿತ್ರವನ್ನು ಫ್ರೇಮ್‌ಗೆ ಹಾಕುವ ಮೊದಲು ಅಮ್ಮನ ಕೈಗೆ ಕೊಡು, ಕಿಟಕಿ ಹತ್ತಿರ ಕೂತು ನೋಡಲಿ. ಏನಂದರು ಅಂತ ಬರೆ.

ನಿನ್ನ,
ಟೋಕಿಯೋದಲ್ಲಿರುವ ಗೆಳೆಯ